ಮೂಲೆಯಲ್ಲಿ ಮೂಡುವ ಪುಟ್ಟ ವಿಂಡೋ: ಕೆಲಸ ಕೆಡಿಸದ ಪಾಪ್-ಅಪ್ ಹೇಗಿರಬೇಕು?

ಕಂಪ್ಯೂಟರಿನ ಮುಂದೆ ಕುಳಿತವರು ಒಂದು ಕೆಲಸದಲ್ಲಿ ಮುಳುಗಿರುವಾಗ ಅವರಿಗೆ ಇನ್ನೊಂದು ವಿಷಯ ತಿಳಿಸಬೇಕಾಗಿದೆ. ಮೇಲ್ ಬಂದಿದೆ, ಪ್ರಿಂಟರಿನಲ್ಲಿ ಕಾಗದ ಮುಗಿದಿದೆ, ರಾತ್ರಿಯ ಬ್ಯಾಕಪ್ ಅರ್ಧಕ್ಕೇ ನಿಂತಿದೆ. ಇದನ್ನು ತಿಳಿಸುವುದು ಹೇಗೆ? ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು ನಲವತ್ತು ವರ್ಷಗಳಿಂದ ಇದಕ್ಕೆ ಬಗೆಬಗೆಯ ಉತ್ತರ ಕೊಡುತ್ತ ಬಂದಿದ್ದಾರೆ. ಪರದೆಯ ನಟ್ಟನಡುವೆ ಬಂದು ಕೂರುವ ಡಯಲಾಗ್ ಬಾಕ್ಸ್, ಕೆಳಗಿನ ಮೂಲೆಯಿಂದ ಏಳುವ ಹಳದಿ ಬಲೂನು, ಬಲಬದಿಯಿಂದ ಜಾರಿಬಂದು ಐದು ಸೆಕೆಂಡಿನಲ್ಲಿ ಮರೆಯಾಗುವ ಟೋಸ್ಟ್, ಮೌಸ್ ಒಯ್ದರೆ ಕಾಣುವ ಟೂಲ್‌ಟಿಪ್, ಎಲ್ಲವೂ ಆ ಉತ್ತರಗಳೇ.

ಪಾಪ್-ಅಪ್ ಚಿಕ್ಕದಾಗಿದ್ದರೆ ಅದರಿಂದ ತೊಂದರೆಯೂ ಚಿಕ್ಕದು ಎಂಬ ನಂಬಿಕೆ ನಮ್ಮ ತಂತ್ರಾಂಶ ತಂಡಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ಟೈಪ್ ಮಾಡುತ್ತಿರುವವರ ಕೀಲಿಮಣೆಯನ್ನು ಕಿತ್ತುಕೊಳ್ಳುವ ಎರಡಂಗುಲದ ವಿಂಡೋ ಮಾಡುವ ಹಾನಿಯನ್ನು, ಏನನ್ನೂ ಕಿತ್ತುಕೊಳ್ಳದೆ ಪಕ್ಕದಲ್ಲಿ ತೆರೆದುಕೊಳ್ಳುವ ಅರ್ಧ ಪರದೆಯ ಪಟ್ಟಿ ಮಾಡುವುದಿಲ್ಲ. ಕೀಲಿಮಣೆ ಯಾರ ಕೈಯಲ್ಲಿ ಉಳಿಯಿತು, ಯಾವ ಗಳಿಗೆಯಲ್ಲಿ ವಿಂಡೋ ಬಂತು, ಓದಿ ಮುಗಿಸುವಷ್ಟು ಹೊತ್ತು ನಿಂತಿತೇ, ಓದಲಾಗದಿದ್ದರೆ ಆಮೇಲೆ ಹುಡುಕಿ ನೋಡಲು ಗುರುತು ಉಳಿಸಿತೇ ಎಂಬ ನಾಲ್ಕು ಸಂಗತಿಗಳಿಂದ ತೊಂದರೆಯನ್ನು ಅಳೆಯಬೇಕು. ಈ ನಾಲ್ಕರಲ್ಲೂ ಕನ್ನಡದಲ್ಲಿ ಕೆಲಸ ಮಾಡುವವರ ಪಾಡು ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗಿಂತ ಕಷ್ಟದ್ದು.

ಈ ಪ್ರಶ್ನೆಯನ್ನು ನೋಡಲು ಹೈದರಾಬಾದ್ ತಕ್ಕ ಊರು. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಅವರು ಮಾದಾಪುರದ ಸೈಬರ್ ಟವರ್ಸ್ ಉದ್ಘಾಟಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಇಲ್ಲಿ ತನ್ನ ಅಭಿವೃದ್ಧಿ ಕೇಂದ್ರ ತೆರೆಯಿತು. ರೆಡ್ಮಂಡಿನ ಕೇಂದ್ರ ಕಚೇರಿಯನ್ನು ಬಿಟ್ಟರೆ ಆ ಸಂಸ್ಥೆಯ ದೊಡ್ಡ ಕೇಂದ್ರಗಳಲ್ಲಿ ಇದೂ ಒಂದು. ಡಾಟ್‌ನೆಟ್ ಕುಟುಂಬದ ವಿಷುವಲ್ ಜೆ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆ ರೂಪುಗೊಂಡದ್ದು ಇಲ್ಲೇ. ಗಚ್ಚಿಬೌಲಿಯಲ್ಲಿ ಟ್ರಿಪಲ್ ಐಟಿ ಶುರುವಾದದ್ದೂ 1998ರಲ್ಲೇ. ಕನ್ನಡವನ್ನೂ ಒಳಗೊಂಡ ಅನುವಾದ ತಂತ್ರಾಂಶ ‘ಅನುಸಾರಕ’ ಐಐಟಿ ಕಾನ್ಪುರದಲ್ಲಿ ಹುಟ್ಟಿ, ಆಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಮತ್ತು ಟ್ರಿಪಲ್ ಐಟಿಯಲ್ಲಿ ಬೆಳೆಯಿತು. ಹೀಗೆ ತಂತ್ರಾಂಶ ಬರೆಯುವವರು, ಭಾಷೆಯ ಕಡೆಯಿಂದ ಅದನ್ನು ನೋಡುವವರು, ಬೇಗಂ ಬಜಾರಿನ ಅಂಗಡಿಗಳಲ್ಲಿ ಅದನ್ನು ದಿನವಿಡೀ ಬಳಸುವವರು ಒಂದೇ ಊರಿನಲ್ಲಿದ್ದಾರೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ಕನ್ನಡಿಗರು ಈ ಮೂರು ಗುಂಪಿನಲ್ಲೂ ಇದ್ದಾರೆ.

ಮೊದಲು ಹಿಂದಿನ ಕಥೆ. ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್, ಒಂದೇ ಕೀಲಿ ಒಮ್ಮೆ ಒಂದು ಅರ್ಥ, ಇನ್ನೊಮ್ಮೆ ಇನ್ನೊಂದು ಅರ್ಥ ಕೊಡುವ ವ್ಯವಸ್ಥೆಯನ್ನು ಜೀವನಪೂರ್ತಿ ವಿರೋಧಿಸಿದವರು. ಕಟ್, ಕಾಪಿ, ಪೇಸ್ಟ್ ನಮಗೆ ಸಿಕ್ಕಿದ್ದು ಅವರ ಆ ಹಟದಿಂದ. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. ಅವರ ಮಾತು ಪಾಪ್-ಅಪ್‌ಗೂ ನೇರವಾಗಿ ಸಲ್ಲುತ್ತದೆ. ನೀವು ಪತ್ರ ಬರೆಯುತ್ತಿರುವಾಗ ಸ್ಪೇಸ್ ಬಾರಿನ ಅರ್ಥ ‘ಪದಗಳ ನಡುವೆ ಜಾಗ’. ನಡುವೆ ಒಂದು ಡಯಲಾಗ್ ಬಾಕ್ಸ್ ಫೋಕಸ್, ಅಂದರೆ ಕೀಲಿಮಣೆಯ ಹಿಡಿತ, ಕಸಿದುಕೊಂಡು ಬಂದರೆ ಅದೇ ಸ್ಪೇಸ್ ಬಾರಿನ ಅರ್ಥ ‘ಎದುರಿಗಿರುವ ಬಟನ್ ಒತ್ತು’ ಎಂದಾಗುತ್ತದೆ. ಕೈ ಓಡುತ್ತಿದೆ, ಕಣ್ಣು ಕಾಗದದ ಮೇಲಿದೆ. ಏನಕ್ಕೆ ಒಪ್ಪಿಗೆ ಕೊಟ್ಟೆವು ಎಂದು ತಿಳಿಯುವ ಮೊದಲೇ ಒಪ್ಪಿಗೆ ಹೋಗಿರುತ್ತದೆ.

1995ರ ವಿಂಡೋಸ್ ಪರದೆಯ ಕೆಳಗಿನ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಚಿಕ್ಕ ಐಕಾನ್‌ಗಳಿಗೆ ‘ಟ್ರೇ’ ಎಂಬ ಜಾಗ ಮಾಡಿತು. ವಿಂಡೋಸ್ 2000ದಲ್ಲಿ ಆ ಐಕಾನ್‌ಗಳಿಂದ ಬಲೂನು ಏಳತೊಡಗಿತು. 2001ರ ಎಕ್ಸ್‌ಪಿ ಬಂದ ಮೇಲೆ ಅದೊಂದು ಪ್ರವಾಹವೇ ಆಯಿತು: ವಿಂಡೋಸ್ ಪರಿಚಯ ಮಾಡಿಕೊಳ್ಳಿ, ಬಳಸದ ಐಕಾನ್‌ಗಳು ಬಿದ್ದಿವೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿರಬಹುದು. 2005ರಲ್ಲಿ ಬಂದ ಡಾಟ್‌ನೆಟ್ 2.0 ಬಲೂನು ಎಬ್ಬಿಸುವುದನ್ನು ಒಂದು ಸಾಲಿನ ಕೆಲಸ ಮಾಡಿಕೊಟ್ಟಿತು. ಬರೆಯುವವರಿಗೆ ಒಂದು ಸಾಲು. ಓದುವವರಿಗೆ ಪ್ರತಿಸಲವೂ ಒಂದು ಅಡಚಣೆ.

ಆದರೂ ಆ ಹಳೆಯ ಬಲೂನಿನ ಒಳಗೆ ಎರಡು ಒಳ್ಳೆಯ ಆಲೋಚನೆಗಳಿದ್ದವು, ಅವನ್ನು ಇಂದು ಯಾರೂ ನೆನೆಯುವುದಿಲ್ಲ. ಬಳಕೆದಾರರು ಕುರ್ಚಿ ಬಿಟ್ಟು ಎದ್ದುಹೋಗಿದ್ದಾರೆ ಎಂದು ಕಂಡರೆ ಬಲೂನು ತನ್ನ ಸಮಯದ ಲೆಕ್ಕ ನಿಲ್ಲಿಸುತ್ತಿತ್ತು. ಅವರು ಮರಳಿ ಮೌಸ್ ಮುಟ್ಟಿದ ಮೇಲೆ ಎಣಿಕೆ ಮುಂದುವರಿಯುತ್ತಿತ್ತು. ವಿಂಡೋಸ್ 7ರಲ್ಲಿ ಇನ್ನೊಂದು ಸೇರಿತು. ಹೊಸ ಬಳಕೆದಾರರು ಮೊದಲ ಬಾರಿಗೆ ಲಾಗಿನ್ ಆದ ಮೇಲೆ ಮೊದಲ ಒಂದು ಗಂಟೆ ಮೌನದ ಹೊತ್ತು. ತಂತ್ರಾಂಶಗಳು ಆಗ ಸುಮ್ಮನಿರಬೇಕೆಂದು ಕೇಳಿಕೊಳ್ಳಬಹುದಿತ್ತು. ಹೊಸ ಯಂತ್ರಕ್ಕೆ ಕೂತವರ ಮನಸ್ಸು ಬಲ್ಲ ಯಾರೋ ಇದನ್ನು ಯೋಚಿಸಿರಬೇಕು. ಇವಕ್ಕಿಂತ ದೊಡ್ಡ ಬದಲಾವಣೆ ಅದಕ್ಕೂ ಮೊದಲಿನ ವಿಂಡೋಸ್ ವಿಸ್ಟಾದಲ್ಲಿ ಆಗಿತ್ತು. ಅಲ್ಲಿಯವರೆಗೆ ಬಲೂನು ಎಷ್ಟು ಹೊತ್ತು ಇರಬೇಕೆಂದು ತಂತ್ರಾಂಶ ಹೇಳುತ್ತಿತ್ತು, 10ರಿಂದ 30 ಸೆಕೆಂಡಿನೊಳಗೆ. ವಿಸ್ಟಾ ಆ ಅಧಿಕಾರವನ್ನು ತಂತ್ರಾಂಶದಿಂದ ತೆಗೆದು ಬಳಕೆದಾರರ ಸೆಟ್ಟಿಂಗ್‌ಗೆ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಪಾಪ್-ಅಪ್‌ಗಳ ಚರಿತ್ರೆಯಲ್ಲಿ ಇದೇ ಅತಿ ಮುಖ್ಯ ತಿರುವು.

ಆಫೀಸ್ 97ರಲ್ಲಿ ನೆರವು ನೀಡಲೆಂದು ಇಣುಕುತ್ತಿದ್ದ ಪೇಪರ್ ಕ್ಲಿಪ್ ಗೊಂಬೆ ಕ್ಲಿಪ್ಪಿಯ ಮಾತು ಇಲ್ಲಿ ಬಾರದಿದ್ದರೆ ಆಗದು, ಆದರೆ ಎಲ್ಲರೂ ಹೇಳುವಂತೆ ಅದನ್ನು ಬೈದು ಮುಗಿಸುವುದು ನ್ಯಾಯವಲ್ಲ. ಅದರ ಹಿಂದೆ ಮೈಕ್ರೋಸಾಫ್ಟ್ ರಿಸರ್ಚ್‌ನ ಎರಿಕ್ ಹೊರ್ವಿಟ್ಸ್ ತಂಡದ ಲ್ಯೂಮಿಯರ್ ಸಂಶೋಧನೆ ಇತ್ತು. ಬಳಕೆದಾರರು ಏನು ಮಾಡಲು ಹೊರಟಿದ್ದಾರೆ ಎಂಬುದನ್ನು ಸಂಭವನೀಯತೆಯ ಲೆಕ್ಕದಿಂದ ಊಹಿಸುವ ಪ್ರಯತ್ನ ಅದು. ಮಾರುಕಟ್ಟೆಗೆ ಬಂದ ರೂಪದಲ್ಲಿ ಆ ಲೆಕ್ಕ ಬಹುಪಾಲು ಕಳಚಿಹೋಗಿ ಕಣ್ಣು ಮಿಟುಕಿಸುವ ಗೊಂಬೆ ಉಳಿಯಿತು. ಆಫೀಸ್ ಎಕ್ಸ್‌ಪಿಯಲ್ಲಿ ಅದನ್ನು ಆಫ್ ಮಾಡಿಯೇ ಕೊಟ್ಟರು, ಆಫೀಸ್ 2007ರಲ್ಲಿ ತೆಗೆದೇ ಹಾಕಿದರು. ಹೊರ್ವಿಟ್ಸ್ 1999ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯದ ತಿರುಳಿದೆ: ಅಡ್ಡ ಬಂದರೆ ಆಗುವ ನಷ್ಟವನ್ನೂ ಸುಮ್ಮನಿದ್ದರೆ ಆಗುವ ನಷ್ಟವನ್ನೂ ತೂಗಿನೋಡಿಯೇ ತಂತ್ರಾಂಶ ಬಾಯಿ ತೆರೆಯಬೇಕು. ಇಪ್ಪತ್ತೈದು ವರ್ಷ ಕಳೆದರೂ ಹೆಚ್ಚಿನ ತಂತ್ರಾಂಶಗಳು ಈ ತೂಕ ಹಾಕುವುದಿಲ್ಲ.

ಅದೇ ಹೊರ್ವಿಟ್ಸ್ ಮತ್ತು ಶಂಸಿ ಇಕ್ಬಾಲ್ 2007ರಲ್ಲಿ 27 ಜನರ ಕಂಪ್ಯೂಟರ್ ಕೆಲಸವನ್ನು ಎರಡು ವಾರ ಗಮನಿಸಿದರು. ಒಂದು ನೋಟಿಫಿಕೇಶನ್ ನೋಡಿ ಅದರ ಹಿಂದೆ ಹೋದವರು ಸರಾಸರಿ ಹತ್ತಿರ ಹತ್ತಿರ ಹತ್ತು ನಿಮಿಷ ಅಲ್ಲಿ ಕಳೆದರು. ಬಿಟ್ಟ ಕೆಲಸಕ್ಕೆ ಮತ್ತೆ ಮನಸ್ಸಿಟ್ಟು ಮರಳಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕಾಯಿತು. ಗ್ಲೋರಿಯಾ ಮಾರ್ಕ್ ಅವರ ತಂಡ 2008ರಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ. ಅಡಚಣೆಗೊಳಗಾದವರು ಕೆಲಸವನ್ನು ಬೇಗ ಮುಗಿಸುತ್ತಾರೆ, ಆದರೆ ಹೆಚ್ಚು ಒತ್ತಡ, ಹೆಚ್ಚು ಆಯಾಸ ಅನುಭವಿಸುತ್ತಾರೆ. ಅಂದರೆ ಕಚೇರಿಯ ಲೆಕ್ಕದಲ್ಲಿ ನಷ್ಟ ಕಾಣಿಸದೇ ಇರಬಹುದು. ಅದನ್ನು ಕೆಲಸ ಮಾಡುವವರ ಮೈಮನಸ್ಸು ತೆರುತ್ತಿರುತ್ತದೆ. ಇಕ್ಬಾಲ್ ಮತ್ತು ಬ್ರಯನ್ ಬೈಲಿ ಅವರ ಸಂಶೋಧನೆಗಳು ಪರಿಹಾರದ ದಾರಿಯನ್ನೂ ತೋರಿಸಿವೆ. ಕೆಲಸದಲ್ಲಿ ಸಹಜವಾದ ಬಿಡುವುಗಳಿರುತ್ತವೆ: ಒಂದು ಪ್ಯಾರಾ ಮುಗಿಯಿತು, ಫೈಲ್ ಸೇವ್ ಆಯಿತು, ಫಾರಂ ಕಳಿಸಿ ಆಯಿತು. ಸುದ್ದಿಯನ್ನು ಅಲ್ಲಿಯವರೆಗೆ ಹಿಡಿದಿಟ್ಟು ಕೊಟ್ಟರೆ ಕಿರಿಕಿರಿಯೂ ಕಡಿಮೆ, ಕೆಲಸಕ್ಕೆ ಮರಳುವುದೂ ಬೇಗ.

ಈ ಬಿಡುವನ್ನು ಚೆನ್ನಾಗಿ ಅರಿತ ತಂತ್ರಾಂಶ ನಮ್ಮಲ್ಲೇ ಇದೆ. ಪಾಪ್-ಅಪ್ ವಿನ್ಯಾಸದ ಪುಸ್ತಕಗಳಲ್ಲಿ ಅದರ ಹೆಸರು ಕಾಣದಿರುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯ ಟ್ಯಾಲಿ ಅದು. ಹೈದರಾಬಾದಿನ ಬೇಗಂ ಬಜಾರ್ ಇರಲಿ, ಹುಬ್ಬಳ್ಳಿಯ ದುರ್ಗದ ಬೈಲ್ ಇರಲಿ, ಲೆಕ್ಕ ಬರೆಯುವವರ ಪರದೆಯ ಮೇಲೆ ಅದು ಕಾಣುತ್ತದೆ. ವೋಚರ್ ಎಂಟ್ರಿ ಮುಗಿಯಿತು ಎನ್ನುವಾಗ ಪರದೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಚಿಕ್ಕ ಚೌಕ ಮೂಡುತ್ತದೆ: ‘ಆಕ್ಸೆಪ್ಟ್? ಯೆಸ್ ಆರ್ ನೋ’. ಎಂಟರ್ ಅಥವಾ ವೈ ಒತ್ತಿದರೆ ವೋಚರ್ ದಾಖಲಾಗುತ್ತದೆ. ಎನ್ ಅಥವಾ ಎಸ್ಕೇಪ್ ಒತ್ತಿದರೆ ತಿದ್ದಲು ಹಿಂದೆ ಹೋಗಬಹುದು. ಬೇಡವೆಂದವರು ಕಂಟ್ರೋಲ್ ಎ ಒತ್ತಿ ಆ ಚೌಕವನ್ನೇ ದಾಟಬಹುದು.

ಇಷ್ಟರಲ್ಲಿ ಎಷ್ಟು ವಿವೇಕವಿದೆ ನೋಡಿ. ಆ ಚೌಕ ಫೋಕಸ್ ಕೇಳುತ್ತದೆ, ನಿಜ. ಆದರೆ ಬಳಕೆದಾರರು ಕೊನೆಯ ಖಾನೆ ತುಂಬಿ ಎಂಟರ್ ಒತ್ತಿದ ಮೇಲಷ್ಟೇ ಬರುತ್ತದೆ. ತಾನಾಗಿ ನಡುವೆ ಹಾರಿಬರುವುದಿಲ್ಲ. ಬರೆದ ಮೊತ್ತ, ಖಾತೆಯ ಹೆಸರು, ವಿವರ ಎಲ್ಲ ತೆರೆದೇ ಇರುತ್ತವೆ, ಏಕೆಂದರೆ ಚೌಕ ಮೂಲೆಯಲ್ಲಿದೆ. ಒಪ್ಪುವ ಮೊದಲು ಕಣ್ಣಾಡಿಸಬೇಕಾದದ್ದನ್ನು ಅದು ಮುಚ್ಚುವುದಿಲ್ಲ. ಎಷ್ಟೋ ತಂತ್ರಾಂಶಗಳ ‘ಖಚಿತವೇ?’ ಡಯಲಾಗ್ ಪರದೆಯ ನಡುವೆ ಕೂತು, ಯಾವುದರ ಬಗ್ಗೆ ಖಚಿತವಾಗಬೇಕೋ ಅದನ್ನೇ ಮರೆಮಾಡುತ್ತದೆ. ಟ್ಯಾಲಿಯಲ್ಲಿ ಹಾಗಿಲ್ಲ. ಕೈ ಕೀಲಿಮಣೆ ಬಿಟ್ಟು ಮೌಸಿಗೆ ಹೋಗಬೇಕಾಗಿಯೂ ಇಲ್ಲ.

ಖಾತೆಯ ಹೆಸರಿನ ಖಾನೆಗೆ ಕರ್ಸರ್ ಬಂದಾಗ ಪಕ್ಕದಲ್ಲಿ ತೆರೆಯುವ ಲೆಡ್ಜರ್ ಪಟ್ಟಿಯದ್ದೂ ಇದೇ ಗುಣ. ಪಟ್ಟಿ ಉದ್ದವಾಗಿದೆ, ಪರದೆಯ ಒಂದು ಬದಿಯನ್ನೇ ತುಂಬುತ್ತದೆ, ಆದರೂ ಯಾರಿಗೂ ಅಡ್ಡಿ ಅನಿಸುವುದಿಲ್ಲ. ಟೈಪ್ ಮಾಡುತ್ತ ಹೋದಂತೆ ಅದು ತಾನೇ ಕಿರಿದಾಗುತ್ತದೆ, ಅಕ್ಷರಗಳು ಬೀಳಬೇಕಾದ ಖಾನೆಯಲ್ಲೇ ಬೀಳುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಲ್ಟ್ ಸಿ ಒತ್ತಿ ಅಲ್ಲೇ ಹೊಸ ಖಾತೆ ತೆರೆದು ಸೇವ್ ಮಾಡಿದರೆ ಬಿಟ್ಟ ವೋಚರಿನ ಬಿಟ್ಟ ಖಾನೆಗೇ ಮರಳುತ್ತೀರಿ. ಕೆಲಸದ ಎಳೆ ಕೈತಪ್ಪುವುದಿಲ್ಲ. ಪಾಪ್-ಅಪ್ ದೊಡ್ಡದಾಗಿದ್ದೂ ತೊಂದರೆ ಕೊಡದಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 2020ರ ಟ್ಯಾಲಿಪ್ರೈಮ್ ಪರದೆಯ ರೂಪವನ್ನು ಸಾಕಷ್ಟು ಬದಲಿಸಿದರೂ ಈ ಎರಡು ರೂಢಿಗಳನ್ನು ಉಳಿಸಿಕೊಂಡಿದೆ.

ಲಿನಕ್ಸ್ ಲೋಕ ಈ ಪ್ರಶ್ನೆಯನ್ನು ಬಹಿರಂಗವಾಗಿ ಚರ್ಚಿಸಿತು. 2009ರ ಏಪ್ರಿಲಿನಲ್ಲಿ ಬಂದ ಉಬುಂಟು 9.04ರಲ್ಲಿ ಹೊಸ ನೋಟಿಫಿಕೇಶನ್ ವ್ಯವಸ್ಥೆ ಇತ್ತು. ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರ ನಿಲುವು ಖಡಕ್ಕಾಗಿತ್ತು: ಮೂಲೆಯ ಕಪ್ಪು ಗುಳ್ಳೆಯಲ್ಲಿ ಬಟನ್ ಇರಕೂಡದು, ಏಕೆಂದರೆ ಬಟನ್ ಇದ್ದರೆ ಅದು ಮಾಯವಾಗುವ ಮುನ್ನ ಒತ್ತಬೇಕೆಂಬ ಧಾವಂತ ಹುಟ್ಟುತ್ತದೆ. ಮೌಸ್ ಅದರ ಮೇಲೆ ಹೋದರೆ ಗುಳ್ಳೆ ಮಸುಕಾಗುತ್ತಿತ್ತು, ಕ್ಲಿಕ್ ಅದನ್ನು ದಾಟಿ ಕೆಳಗಿನ ವಿಂಡೋಗೆ ಬೀಳುತ್ತಿತ್ತು. ಈ ಕೊನೆಯ ಗುಣವನ್ನು ನಾನು ಬಹಳ ಮೆಚ್ಚುತ್ತೇನೆ. ವಿಂಡೋ ತನ್ನ ಕೆಳಗಿನ ಜಾಗ ತನ್ನದಲ್ಲ ಎಂದು ಒಪ್ಪಿಕೊಂಡಂತೆ ಅದು. ಆದರೆ ಬಟನ್ ಬೇಡ ಎಂಬ ನಿಯಮ ಬೇರೆ ಕಡೆ ತೊಡಕಾಯಿತು. ಅಪ್‌ಡೇಟ್ ಇದೆ ಎಂದು ಹೇಳಲು ಗುಳ್ಳೆ ಸಾಲದೆ, ಅಪ್‌ಡೇಟ್ ಮ್ಯಾನೇಜರ್ ತಾನೇ ವಿಂಡೋ ತೆರೆದುಕೊಳ್ಳತೊಡಗಿತು, ಬಳಕೆದಾರರು ಸಿಟ್ಟಾದರು. 2017ರಲ್ಲಿ ಉಬುಂಟು, ಲಿನಕ್ಸಿನ ಇನ್ನೊಂದು ಡೆಸ್ಕ್‌ಟಾಪ್ ವ್ಯವಸ್ಥೆಯಾದ ಗ್ನೋಮ್‌ಗೆ ಮರಳಿದಾಗ ಆ ಪ್ರಯೋಗ ಮುಗಿಯಿತು. ಗ್ನೋಮ್ ಕೂಡ 2011ರಲ್ಲಿ ಸುದ್ದಿಗಳನ್ನು ಪರದೆಯ ಕೆಳಗಿನ ಅಂಚಿನಲ್ಲಿಟ್ಟು, 2015ರ 3.16 ಆವೃತ್ತಿಯಲ್ಲಿ ಮೇಲಕ್ಕೆ ಒಯ್ದಿತು. ಮ್ಯಾಕ್‌ನಲ್ಲಿ ಮೊದಲು ಗ್ರೌಲ್ ಎಂಬ ಹೊರಗಿನ ತಂತ್ರಾಂಶ ಈ ಕೆಲಸ ಮಾಡುತ್ತಿತ್ತು. 2012ರಲ್ಲಿ ಆ್ಯಪಲ್ ತನ್ನದೇ ನೋಟಿಫಿಕೇಶನ್ ಸೆಂಟರ್ ಕೊಟ್ಟು, ತಾನಾಗಿ ಸರಿಯುವ ಬ್ಯಾನರ್, ಮುಚ್ಚುವವರೆಗೆ ನಿಲ್ಲುವ ಅಲರ್ಟ್ ಎಂದು ಎರಡು ಬಗೆ ಮಾಡಿ, ಆಯ್ಕೆಯನ್ನು ಬಳಕೆದಾರರಿಗೆ ಬಿಟ್ಟಿತು. ವಿಂಡೋಸ್ 10 ಕೂಡ 2015ರಲ್ಲಿ ಸರಿದುಹೋದ ಟೋಸ್ಟ್‌ಗಳನ್ನು ಸಂಗ್ರಹಿಸಿಡುವ ಆ್ಯಕ್ಷನ್ ಸೆಂಟರ್ ತಂದಿತು. ತಪ್ಪಿಹೋದ ಸುದ್ದಿ ಒಂದು ಕಡೆ ಸಿಗುತ್ತದೆ ಎಂಬ ಭರವಸೆ ಇದ್ದರೆ ಪಾಪ್-ಅಪ್ ಮೆತ್ತಗೆ ಬಂದು ಮೆತ್ತಗೆ ಹೋಗಬಹುದು.

ತಂತ್ರಾಂಶ ಬರೆಯುವವರಿಗೆ ಫೋಕಸ್ ಕಸಿಯದ ವಿಂಡೋ ಮಾಡುವುದು ಕಷ್ಟವೇ? ಇಲ್ಲ. ವಿಂಡೋಸ್‌ನಲ್ಲಿ ವಿಂಡೋ ತೋರಿಸುವಾಗ ‘ಷೋ ನೋ ಆ್ಯಕ್ಟಿವೇಟ್’ ಎಂಬ ಸೂಚನೆ ಕೊಡಬಹುದು; ಕ್ಲಿಕ್ ಮಾಡಿದರೂ ಫೋಕಸ್ ತೆಗೆದುಕೊಳ್ಳದ ‘ನೋ ಆ್ಯಕ್ಟಿವೇಟ್’ ಎಂಬ ಗುಣ ವಿಂಡೋಸ್ 2000ದಿಂದಲೇ ಇದೆ. ಹಿಂದೆ ಇರುವ ತಂತ್ರಾಂಶ ಬಲವಂತವಾಗಿ ಮುಂದೆ ಬರುವುದನ್ನು ವಿಂಡೋಸ್ 98 ಮತ್ತು 2000 ತಡೆದು, ಟಾಸ್ಕ್‌ಬಾರಿನಲ್ಲಿ ಅದರ ಬಟನ್ ಮಿನುಗುವಂತೆ ಮಾಡಿದವು. ಲಿನಕ್ಸಿನಲ್ಲಿ ವಿಂಡೋಗಳನ್ನು ಪರದೆಗೆ ತರುವ ವೇಲ್ಯಾಂಡ್ ವ್ಯವಸ್ಥೆ ಇನ್ನೂ ಕಟ್ಟುನಿಟ್ಟು: ತಂತ್ರಾಂಶ ತನ್ನ ವಿಂಡೋವನ್ನು ಪರದೆಯ ಇಂಥ ಜಾಗದಲ್ಲೇ ಇಡುತ್ತೇನೆ ಎನ್ನುವಂತೆಯೇ ಇಲ್ಲ, ಬಳಕೆದಾರರ ಕೈಕೆಲಸದ ಗುರುತಿಲ್ಲದೆ ಮುಂದೆ ಬರುವಂತೆಯೂ ಇಲ್ಲ. ಫೈರ್‌ಫಾಕ್ಸ್ ಇನ್ನೊಂದು ಜಾಣ್ಮೆ ತೋರಿಸಿದೆ. ಹೊಸ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವ ಡಯಲಾಗ್ ಬಂದಾಗ ಒಪ್ಪಿಗೆಯ ಬಟನ್ ಕ್ಷಣಕಾಲ ಕೆಲಸ ಮಾಡುವುದಿಲ್ಲ, ಓಡುತ್ತಿರುವ ಕೈ ತಪ್ಪಿ ಒತ್ತದಿರಲಿ ಎಂದು. ಉಪಾಯಗಳೆಲ್ಲ ಸಿದ್ಧವಾಗಿವೆ. ಬಳಸದಿರುವುದಕ್ಕೆ ಕಾರಣ ಅಸಡ್ಡೆ, ಅಥವಾ ತಮ್ಮ ಸುದ್ದಿಯೇ ಎಲ್ಲಕ್ಕಿಂತ ತುರ್ತು ಎಂಬ ಭಾವನೆ.

ಆ ಭಾವನೆಯ ಫಲವೇ ಅತಿ ಎಚ್ಚರಿಕೆ. 2007ರ ವಿಸ್ಟಾ ಸಣ್ಣ ಬದಲಾವಣೆಗೂ ಪರದೆ ಕತ್ತಲಾಗಿಸಿ ಅನುಮತಿ ಕೇಳಿತು. ಜನ ಓದದೇ ಒಪ್ಪತೊಡಗಿದರು. 2009ರ ವಿಂಡೋಸ್ 7ರಲ್ಲಿ ಅದನ್ನು ತಗ್ಗಿಸಬೇಕಾಯಿತು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಮಿದುಳಿನ ಎಂಆರ್‌ಐ ಚಿತ್ರಗಳನ್ನು ತೆಗೆದು ನೋಡಿದಾಗ, ಒಂದೇ ರೂಪದ ಎಚ್ಚರಿಕೆಯನ್ನು ಎರಡನೆಯ ಸಲ ಕಂಡಾಗಲೇ ದೃಷ್ಟಿಗೆ ಸಂಬಂಧಿಸಿದ ಭಾಗದ ಚಟುವಟಿಕೆ ತೀರಾ ಕುಸಿದಿತ್ತು. ಪದೇ ಪದೇ ಕೇಳುವ ತಂತ್ರಾಂಶ, ನಿಜವಾಗಿ ಕೇಳಬೇಕಾದ ದಿನ ಉತ್ತರ ಪಡೆಯುವ ಹಕ್ಕನ್ನು ಕಳೆದುಕೊಂಡಿರುತ್ತದೆ.

ಇನ್ನು ಕನ್ನಡದ ಮಾತು. ವಿಂಡೋಸ್ ಟ್ರೇಯ ಬಲೂನಿನ ತಲೆಬರಹಕ್ಕೆ ಮೀಸಲಾದ ಜಾಗ 64 ಘಟಕ, ಒಡಲಿಗೆ 256. ಎರಡರಲ್ಲೂ ಒಂದೊಂದು ಕೊನೆಯ ಗುರುತಿಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಘಟಕ. ‘ಮುದ್ರಣ ಪೂರ್ಣಗೊಂಡಿಲ್ಲ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರ 8. ಯೂನಿಕೋಡ್ ಲೆಕ್ಕದಲ್ಲಿ ನಡುವಿನ ಖಾಲಿ ಜಾಗ ಸೇರಿ 20. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಘಟಕ ಬೇಕು. ಹಾಗಾಗಿ ಇಂಗ್ಲಿಷಿನಲ್ಲಿ ಹಾಯಾಗಿ ಹಿಡಿಸುವ ತಲೆಬರಹ ಕನ್ನಡದಲ್ಲಿ ಅಂಚು ಮುಟ್ಟುತ್ತದೆ. ಉದ್ದ ಮೀರಿದಾಗ ತಂತ್ರಾಂಶ ಕುರುಡಾಗಿ ಕತ್ತರಿಸಿದರೆ ತುಂಡು ಬೀಳುವುದು ಒತ್ತಕ್ಷರದ ನಡುವೆ. ಅರ್ಧ ವ್ಯಂಜನ ಜೋತಾಡುತ್ತ ಉಳಿಯುತ್ತದೆ. ಕತ್ತರಿಸಲೇಬೇಕಾದರೆ ಪೂರ್ಣ ಅಕ್ಷರದ ಗಡಿಯಲ್ಲಿ, ಸಾಧ್ಯವಾದರೆ ಪದದ ಗಡಿಯಲ್ಲಿ ಕತ್ತರಿಸಬೇಕು. ಪದದ ಗಡಿ ಗುರುತಿಸುವ ನಿಯಮಗಳು ಯೂನಿಕೋಡ್‌ನಲ್ಲಿವೆ.

ಎತ್ತರದ ತೊಡಕು ಇದಕ್ಕಿಂತ ಹೆಚ್ಚು. ಪುಟ್ಟ ವಿಂಡೋ ಎಂದರೆ ವಿನ್ಯಾಸಕರು ಸಾಲಿನ ಎತ್ತರವನ್ನು ಬಿಗಿ ಮಾಡುತ್ತಾರೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಬಿಗಿದ ಸಾಲಿನಲ್ಲಿ ಒತ್ತಿನ ಕೆಳಭಾಗ ಕತ್ತರಿಸಿಹೋಗಿ ‘ದ್ರ’ ಯಾವುದು, ‘ದ್ದ’ ಯಾವುದು ತಿಳಿಯದಂತಾಗುತ್ತದೆ. ತೆಲುಗಿಗೂ ಇದೇ ಕಷ್ಟ. ಹೈದರಾಬಾದಿನ ಸ್ವೇಚ್ಛಾ ಸಂಘಟನೆಯವರು ಲಿನಕ್ಸ್ ಡೆಸ್ಕ್‌ಟಾಪನ್ನು ತೆಲುಗಿಗೆ ತಂದರು. ಎರಡು ಲಿಪಿಗಳ ರಚನೆ ಇಷ್ಟು ಹತ್ತಿರವಿರುವುದರಿಂದ ಒಂದಕ್ಕೆ ಕಂಡ ಪರಿಹಾರ ಇನ್ನೊಂದಕ್ಕೂ ಒದಗುತ್ತದೆ. ಎಕ್ಸ್‌ಪಿ ಕಾಲದ ತುಂಗಾ ಫಾಂಟ್ ಚಿಕ್ಕ ಅಳತೆಯಲ್ಲಿ ಓದಲು ತ್ರಾಸವಾಗುತ್ತಿತ್ತು. 2012ರ ವಿಂಡೋಸ್ 8ರೊಂದಿಗೆ ಬಂದ ನಿರ್ಮಲಾ ಯುಐ ಪರದೆಯ ಮೆನು, ಬಟನ್‌ಗಳಿಗೆಂದೇ ಮಾಡಿದ್ದರಿಂದ ಸ್ಥಿತಿ ಸುಧಾರಿಸಿತು. ಆದರೂ ಪೆಟ್ಟಿಗೆಯ ಅಳತೆಯನ್ನು ಪಿಕ್ಸೆಲ್ ಲೆಕ್ಕದಲ್ಲಿ ಗಟ್ಟಿಯಾಗಿ ಬರೆದಿಟ್ಟ ತಂತ್ರಾಂಶಕ್ಕೆ ಯಾವ ಫಾಂಟೂ ಸಹಾಯ ಮಾಡಲಾರದು. ಪಠ್ಯ ನೋಡಿ ಪೆಟ್ಟಿಗೆ ಬೆಳೆಯಬೇಕು.

ಕನ್ನಡ ಟೈಪ್ ಮಾಡುವವರಿಗೆ ಫೋಕಸ್ ಕಳ್ಳತನದ ಪೆಟ್ಟು ಇನ್ನೂ ಜೋರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳ ಸುತ್ತ ಬೆಳೆದ ಇಲ್ಲಿನ ಕನ್ನಡ ಬರಹಗಾರರು ಬಳಸುವುದು ನುಡಿ, ಬರಹ ತಂತ್ರಾಂಶ, ಅಥವಾ ವಿಂಡೋಸ್‌ನದ್ದೇ ಕೀಲಿಮಣೆ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಇವುಗಳಲ್ಲಿ ಎಷ್ಟೋ ಅಕ್ಷರಗಳು ಪೂರ್ತಿಯಾಗಲು ಎರಡು ಮೂರು ಕೀಲಿ ಬೇಕು. ವ್ಯಂಜನ ಒತ್ತಿ ಆಯಿತು, ಸ್ವರ ಒತ್ತಬೇಕು, ಅಷ್ಟರಲ್ಲಿ ಪಾಪ್-ಅಪ್ ಬಂತೆಂದರೆ ಇಲ್ಲಿ ಅರ್ಧ ಅಕ್ಷರ ಉಳಿಯುತ್ತದೆ, ಉಳಿದರ್ಧದ ಕೀಲಿ ಆ ವಿಂಡೋಗೆ ಹೋಗುತ್ತದೆ. ಲಿಪ್ಯಂತರದ ಸಾಧನಗಳಲ್ಲಿ ಕರ್ಸರ್ ಕೆಳಗೆ ಪದಗಳ ಆಯ್ಕೆಯ ಪಟ್ಟಿ ತೆರೆದಿರುತ್ತದೆ. ಅದೂ ಒಂದು ಪಾಪ್-ಅಪ್ಪೇ, ಅದೂ ಬಹಳ ಸೊಗಸಾದದ್ದು: ಬರೆಯುವ ಸಾಲನ್ನು ಮುಚ್ಚದೆ ಅದರ ಕೆಳಗೇ ನಿಲ್ಲುತ್ತದೆ, ಫೋಕಸ್ ಮುಟ್ಟುವುದಿಲ್ಲ, ಪದ ಆಯ್ದ ಕೂಡಲೆ ಹೋಗುತ್ತದೆ. ಇನ್ನೊಂದು ವಿಂಡೋ ಫೋಕಸ್ ಕಸಿದರೆ ಈ ಪಟ್ಟಿ ಮುಚ್ಚಿಹೋಗಿ ಕಟ್ಟುತ್ತಿದ್ದ ಪದ ಕೈಬಿಡುತ್ತದೆ.

ಓದುವ ಹೊತ್ತಿನದ್ದು ಬೇರೆ ಕಥೆ. ವಿಂಡೋಸ್ ಟೋಸ್ಟ್ ಮೊದಲ ಸ್ಥಿತಿಯಲ್ಲಿ 5 ಸೆಕೆಂಡ್ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು 5 ನಿಮಿಷದವರೆಗೆ ಹೆಚ್ಚಿಸಬಹುದು. ಇದು ಬಹುತೇಕ ಜನರಿಗೆ ಗೊತ್ತಿಲ್ಲ. ಈಗಲೇ ಬದಲಿಸಿಕೊಳ್ಳಿ ಎಂದು ಓದುಗರಿಗೆ ನನ್ನ ಸಲಹೆ. ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಓದುವ ಗುಮಾಸ್ತರಿಗೆ 5 ಸೆಕೆಂಡ್ ಸಾಲದು. ದೃಷ್ಟಿ ಮಂದವಾದವರಿಗೂ ಸಾಲದು. ವೆಬ್ ಸುಗಮ್ಯತೆಯ 2018ರ ಮಾನದಂಡವಾದ ಡಬ್ಲ್ಯೂಸಿಎಜಿ 2.1 ಹೇಳುವುದನ್ನು ಡೆಸ್ಕ್‌ಟಾಪ್‌ಗೂ ಅನ್ವಯಿಸಬಹುದು: ಮೌಸ್ ಇಟ್ಟಾಗ ಮೂಡುವ ವಿವರವನ್ನು ಮೌಸ್ ಕದಲಿಸದೆ ಮುಚ್ಚಲು ಬರಬೇಕು, ಅದರ ಮೇಲೆ ಮೌಸ್ ಒಯ್ದರೆ ಮಾಯವಾಗಬಾರದು, ಬಳಕೆದಾರರು ಬಿಡುವವರೆಗೆ ಉಳಿಯಬೇಕು. ಪರದೆಯನ್ನು ಹಿಗ್ಗಿಸಿ ಓದುವವರಿಗೆ ಈ ಮೂರು ನಿಯಮಗಳಿಲ್ಲದೆ ಟೂಲ್‌ಟಿಪ್ ಓದುವುದೇ ಆಗುವುದಿಲ್ಲ.

1987ರಲ್ಲಿ ಡಾ. ಗುಳ್ಳಪಲ್ಲಿ ಎನ್. ರಾವ್ ಸ್ಥಾಪಿಸಿದ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ದೃಷ್ಟಿ ಪುನರ್ವಸತಿ ವಿಭಾಗವಿದೆ. ಇಂಥ ಕೇಂದ್ರಗಳಿಂದ ಕಲಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಪಾಪ್-ಅಪ್ ಎಂದರೆ ಒಂದು ದನಿ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಒಂದು ವಾಕ್ಯ ಓದಿ ಹೇಳುತ್ತಿರುವಾಗ ಟೋಸ್ಟ್ ಬಂದರೆ ವಾಕ್ಯ ಅರ್ಧಕ್ಕೆ ಕಡಿದು ಟೋಸ್ಟಿನ ಪಠ್ಯ ಕೇಳಿಸಬಹುದು. ಕಣ್ಣಿದ್ದವರಿಗೆ ಮೂಲೆ ಎಂಬುದು ಇದೆ, ಕಿವಿಗೆ ಮೂಲೆ ಇಲ್ಲ. ಅದಕ್ಕೇ ಸುದ್ದಿಯನ್ನು ‘ಸಾವಕಾಶ’ ಮತ್ತು ‘ತುರ್ತು’ ಎಂದು ಗುರುತಿಸಿ ಕಳಿಸುವ ಪದ್ಧತಿ ಇದೆ. ಸಾವಕಾಶದ್ದು ಓದುತ್ತಿರುವ ಮಾತು ಮುಗಿಯುವವರೆಗೆ ಕಾಯುತ್ತದೆ. ಎಲ್ಲವನ್ನೂ ತುರ್ತು ಎಂದು ಗುರುತಿಸುವ ಪ್ರೋಗ್ರಾಮರ್ ಕಿವಿಯಿಂದ ಓದುವವರ ದಿನವನ್ನೇ ಹಾಳು ಮಾಡುತ್ತಾರೆ.

ಹೈದರಾಬಾದಿನ ಕಚೇರಿಗಳಿಗೆ ಇನ್ನೊಂದು ಸಂಕಟವಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9 ಗಂಟೆ ಎಂದರೆ ಇಲ್ಲಿ ರಾತ್ರಿ 9.30. ಅವರ ದಿನ ಶುರುವಾದಾಗ ಇಲ್ಲಿನ ಪರದೆಗಳಲ್ಲಿ ಟೋಸ್ಟ್‌ಗಳ ಸಾಲು. 2018ರ ವಿಂಡೋಸ್ 10ರಲ್ಲಿ ಬಂದ ಫೋಕಸ್ ಅಸಿಸ್ಟ್ ಹೊತ್ತು ಗೊತ್ತುಮಾಡಿ ಸುದ್ದಿಗಳನ್ನು ತಡೆಹಿಡಿಯುತ್ತದೆ, ಪರದೆಯನ್ನು ಪ್ರೊಜೆಕ್ಟರಿಗೆ ಹಾಕಿದಾಗಲೂ ಸುಮ್ಮನಿರುತ್ತದೆ. ಸಭೆಯಲ್ಲಿ ಪರದೆ ಹಂಚಿಕೊಂಡಾಗ ಯಾರದೋ ಖಾಸಗಿ ಸಂದೇಶ ಇಪ್ಪತ್ತು ಜನರ ಮುಂದೆ ಮೂಡುವುದನ್ನು ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. ಆದರೆ ತನ್ನದೇ ವಿಂಡೋವನ್ನು ತಾನೇ ಬಿಡಿಸಿ ತೋರಿಸುವ ತಂತ್ರಾಂಶ ಈ ತಡೆಗೆ ಸಿಗುವುದಿಲ್ಲ. ಸ್ವಂತ ಟೋಸ್ಟ್ ಕಟ್ಟುವ ಬದಲು ಆಪರೇಟಿಂಗ್ ಸಿಸ್ಟಂ ಕೊಡುವ ನೋಟಿಫಿಕೇಶನ್ ದಾರಿಯನ್ನೇ ಬಳಸಬೇಕು ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಹಲವು ಪಾಪ್-ಅಪ್‌ಗಳು ಇರಬೇಕಾಗಿಯೇ ಇಲ್ಲ. ಎಚ್ಚರಿಕೆ ಕೊಡುವ ಬದಲು ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅವಕಾಶ ಕೊಡಿ ಎಂದು ವಿನ್ಯಾಸಕ ಏಝಾ ರಾಸ್ಕಿನ್ 2007ರಲ್ಲಿ ವಾದಿಸಿದರು. ಅಳಿಸುವ ಮುನ್ನ ಕೇಳುವುದಕ್ಕಿಂತ, ಅಳಿಸಿ ‘ಹಿಂಪಡೆ’ ಎಂಬ ಪಟ್ಟಿಯನ್ನು ಸ್ವಲ್ಪ ಹೊತ್ತು ಕೆಳಗೆ ಇಡುವುದು ಒಳ್ಳೆಯದು. ಮರಳಿ ಪಡೆಯಲಾಗದ ಕೆಲಸಗಳಿಗೆ ಮಾತ್ರ, ಹಣ ರವಾನೆ, ಡಿಸ್ಕ್ ಅಳಿಸುವಿಕೆ, ತೆರಿಗೆ ವಿವರ ಸಲ್ಲಿಕೆ ಇಂಥವಕ್ಕೆ, ಎದುರಿಗೆ ಬಂದು ನಿಲ್ಲುವ ದೊಡ್ಡ ಡಯಲಾಗ್ ಇರಲಿ. ಅಲ್ಲಿ ನಯವಾಗಿ ಮೂಲೆಯಲ್ಲಿ ಪಿಸುಗುಟ್ಟುವುದು ತಪ್ಪು.

ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಪಾಪ್-ಅಪ್ ಪಠ್ಯವನ್ನು ಒಮ್ಮೆ ಕನ್ನಡದಲ್ಲಿ ಹಾಕಿ, ನಿರ್ಮಲಾ ಯುಐ ಫಾಂಟಿನಲ್ಲಿ, ಒತ್ತಕ್ಷರಗಳು ತುಂಬಿದ ವಾಕ್ಯದೊಂದಿಗೆ ಪರೀಕ್ಷಿಸಿ. ನುಡಿಯಲ್ಲಿ ವೇಗವಾಗಿ ಟೈಪ್ ಮಾಡುವ ಒಬ್ಬರನ್ನು ಕೂರಿಸಿ, ಅವರು ಬರೆಯುತ್ತಿರುವಾಗಲೇ ಆ ವಿಂಡೋ ಎಬ್ಬಿಸಿ. ಒಂದೇ ಒಂದು ಕೀಲಿ ತಪ್ಪು ಕಡೆ ಬಿದ್ದರೂ ಆ ಆವೃತ್ತಿಯನ್ನು ಬಿಡುಗಡೆ ಮಾಡಬೇಡಿ.